ತಣ್ಣಗಿದ್ದರೆ ಒಂದೇ ಕಿಕ್, ಬಿಸಿಯಾದರೆ ಮೊಂಡಾಟ: ಹಳೇ ಬಿಎಸ್‌ಎ ಗಾಡಿಯ ಮ್ಯಾಗ್ನೆಟೊ ದೋಷ ಹುಡುಕುವ ಬಗೆ

ಲಕ್ಷಣ ಹೀಗಿರುತ್ತದೆ. ಬೆಳಿಗ್ಗೆ ಕಾರ್ಬೊರೇಟರಿನ ಟಿಕ್ಲರ್ (ಪೆಟ್ರೋಲ್ ಉಕ್ಕಿಸುವ ಗುಂಡಿ) ಒತ್ತಿ ಕಿಕ್ ಹೊಡೆದರೆ ಒಂದೇ ಏಟಿಗೆ ಗಾಡಿ ಸ್ಟಾರ್ಟ್. ಐಡ್ಲಿಂಗ್ ಸೊಗಸಾಗಿದೆ. ಮೈಸೂರು ಬಿಟ್ಟು ಶ್ರೀರಂಗಪಟ್ಟಣ ದಾಟುವ ತನಕ ಯಾವ ತಕರಾರೂ ಇಲ್ಲ. ಮಂಡ್ಯದಲ್ಲಿ ಕಾಫಿಗೆ ನಿಲ್ಲಿಸುತ್ತೀರಿ. ಹತ್ತು ನಿಮಿಷ ಬಿಟ್ಟು ಬಂದು ಕಿಕ್ ಹೊಡೆದರೆ ಗಾಡಿಗೆ ಉಸಿರೇ ಇಲ್ಲ. ಮತ್ತೆ ಹೊಡೆಯುತ್ತೀರಿ, ಶರ್ಟು ಬೆವರಲ್ಲಿ ಒದ್ದೆ. ಸುತ್ತ ಜನ ಸೇರುತ್ತಾರೆ. 'ಪೆಟ್ರೋಲ್ ಐತಾ ನೋಡಿ ಸಾರ್' ಅಂತ ಒಬ್ಬರು, 'ಇದು ಎಷ್ಟನೇ ಇಸವಿ ಗಾಡಿ, ಕೊಡ್ತೀರಾ?' ಅಂತ ಇನ್ನೊಬ್ಬರು. ಸೋತು ಮರದ ನೆರಳಲ್ಲಿ ಮುಕ್ಕಾಲು ಗಂಟೆ ಕೂತು ಎದ್ದರೆ, ಮತ್ತೆ ಒಂದೇ ಏಟಿಗೆ ಸ್ಟಾರ್ಟ್!

ಇಲ್ಲಿ ಬರೆದಿರುವುದು ಬ್ರಿಟನ್ನಿನ ಬಿಎಸ್‌ಎ ಬಿ31 ಬೈಕನ್ನು ಮುಂದಿಟ್ಟುಕೊಂಡು. 1945ರಿಂದ 1959ರ ತನಕ ಬಂದ 348 ಸಿಸಿಯ ಒಂಟಿ ಸಿಲಿಂಡರ್ ಗಾಡಿ ಅದು. ಬೋರ್ 71 ಮಿ.ಮೀ., ಸ್ಟ್ರೋಕ್ 88. ಕೊನೆಕೊನೆಗೆ ಬಂದ ಆಲ್ಟರ್ನೇಟರ್ ಗಾಡಿಗಳನ್ನು ಬಿಟ್ಟರೆ ಉಳಿದವಕ್ಕೆಲ್ಲ ಲ್ಯೂಕಸ್ ಮ್ಯಾಗ್‌ಡೈನೊ. ಅಂದರೆ ಕೆಳಗೆ ಬ್ಯಾಟರಿಯ ಹಂಗಿಲ್ಲದೆ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊ, ಅದರ ಬೆನ್ನ ಮೇಲೆ ಪಟ್ಟಿ ಕಟ್ಟಿ ಕೂರಿಸಿದ, ಲೈಟಿಗೆ ಕರೆಂಟು ಕೊಡುವ ಡೈನಮೊ. ಬಿ33, ಎಂ20, ಗೋಲ್ಡ್ ಸ್ಟಾರ್ ಇಟ್ಟುಕೊಂಡವರಿಗೂ ಬಹುಪಾಲು ಇದೇ ಅನ್ವಯಿಸುತ್ತದೆ. ಮ್ಯಾಗ್ನೆಟೊ ಇರುವ ಮ್ಯಾಚ್‌ಲೆಸ್, ಎಜೆಎಸ್, ಏರಿಯಲ್, ಹಳೇ ಟ್ರಯಂಫ್ ಗಾಡಿಗಳ ಕಥೆಯೂ ಹೆಚ್ಚುಕಮ್ಮಿ ಹೀಗೇ.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಬ್ಯಾಟರಿ ಮುಟ್ಟಬೇಡಿ. ಈ ಗಾಡಿಯಲ್ಲಿ ಬ್ಯಾಟರಿ ಇರುವುದು ಲೈಟಿಗೆ, ಹಾರ್ನಿಗೆ. ಅದನ್ನು ಬಿಚ್ಚಿ ಮನೆಯಲ್ಲಿಟ್ಟು ಬಂದರೂ ಎಂಜಿನ್ ಓಡುತ್ತದೆ.

ಬಿಸಿಯಲ್ಲೇ ನೋಡಬೇಕು

ಈ ದೋಷ ವರ್ಷಗಟ್ಟಲೆ ಸಿಗದೆ ಉಳಿಯುವುದಕ್ಕೆ ಕಾರಣ ಒಂದೇ. ಗಾಡಿ ರಸ್ತೆಯಲ್ಲಿ ನಿಲ್ಲುತ್ತದೆ, ತಣ್ಣಗಾದ ಮೇಲೆ ಸ್ಟಾರ್ಟ್ ಆಗುತ್ತದೆ, ಮಾರನೇ ದಿನ ಮೆಕ್ಯಾನಿಕ್ ಹತ್ತಿರ ಹೋಗುತ್ತದೆ. ಅವರು ಕಿಕ್ ಹೊಡೆದರೆ ಸರಿಯಾಗೇ ಇದೆ. ಪ್ಲಗ್ ಬದಲಿಸಿ, ಕಾರ್ಬೊರೇಟರ್ ತೊಳೆದು ಕಳಿಸುತ್ತಾರೆ. ಮಂಡಿ ಮೊಹಲ್ಲಾದ ಹಳೇ ಮೆಕ್ಯಾನಿಕ್ ಒಬ್ಬರು ನನ್ನ ಗೆಳೆಯನಿಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. 'ಏನ್ ಸಾರ್, ಜ್ವರ ಬಿಟ್ಟ ಮೇಲೆ ಡಾಕ್ಟರ್ ಹತ್ರ ಬಂದಂಗಾಯ್ತು ಇದು. ಜ್ವರ ಇದ್ದಾಗ ಕರ್ಕೊಂಡ್ ಬನ್ನಿ.'

ಹಾಗಾಗಿ ಜ್ವರ ಬರಿಸಬೇಕು. ಮೈಸೂರಿನವರಿಗೆ ಇದಕ್ಕೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆಯ ಜಾಗ ಇಲ್ಲ. ಎರಡನೇ, ಮೂರನೇ ಗೇರಿನಲ್ಲಿ ಬೆಟ್ಟ ಹತ್ತಿಸಿ, ನಂದಿ ಹತ್ತಿರ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಸುಮ್ನೆ ನಿಲ್ಲಿಸಿ. ಆ ಹತ್ತು ನಿಮಿಷ ಬಹಳ ಮುಖ್ಯ. ಗಾಡಿ ಓಡುತ್ತಿರುವಾಗ ಗಾಳಿ ಬಡಿಯುತ್ತಿರುತ್ತದೆ. ನಿಂತ ಕೂಡಲೇ ಗಾಳಿ ನಿಲ್ಲುತ್ತದೆ, ಆದರೆ ಸಿಲಿಂಡರಿನ ಕಾವು ಅಲ್ಲೇ ಇರುತ್ತದೆ. ಬಿ31ರಲ್ಲಿ ಮ್ಯಾಗ್‌ಡೈನೊ ಕೂತಿರುವುದು ಸಿಲಿಂಡರಿನ ಹಿಂದುಗಡೆಯೇ. ಹೀಗಾಗಿ ಮ್ಯಾಗ್ನೆಟೊ ಅತಿ ಜಾಸ್ತಿ ಬಿಸಿಯಾಗುವುದು ಓಡುವಾಗ ಅಲ್ಲ, ನಿಲ್ಲಿಸಿದ ಮೇಲೆ. ಕಾಫಿ ಕುಡಿದು ಬಂದ ಮೇಲೆ ಕೈಕೊಡುವುದು ಇದಕ್ಕೇ.

ಮಂಡ್ಯ ಕಡೆಗೇ ಓಡಿಸಿ ನೋಡುತ್ತೇನೆ ಅನ್ನುವವರು ಸರ್ವಿಸ್ ರಸ್ತೆ ಹಿಡಿಯಿರಿ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ಹಳೇ ಗಾಡಿಗೆ ಅದು ಒಳ್ಳೆಯದೇ ಆಯಿತು ಬಿಡಿ. ಊರೂರಿಗೆ ನಿಲ್ಲುತ್ತಾ, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಮೆಲ್ಲಗೆ ಹೋಗುತ್ತಾ ಇದ್ದರೆ ಜ್ವರ ಇನ್ನೂ ಬೇಗ ಏರುತ್ತದೆ.

ಜೊತೆಗೆ ಇರಬೇಕಾದ್ದು: ಪ್ಲಗ್ ಸ್ಪಾನರ್, ಚೆನ್ನಾಗಿದೆ ಅಂತ ಗೊತ್ತಿರುವ ಇನ್ನೊಂದು ಪ್ಲಗ್, ಫೀಲರ್ ಗೇಜ್, ಸಣ್ಣ ಸ್ಕ್ರೂಡ್ರೈವರ್, ಒಣ ಬಟ್ಟೆ, ಮತ್ತೆ ಗಾಡಿ ತಳ್ಳುವುದಕ್ಕೆ ಒಬ್ಬ ಗೆಳೆಯ.

ಮೊದಲು ಪೆಟ್ರೋಲ್ ಕಡೆ

ಪೆಟ್ರೋಲ್ ತಪ್ಪಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಎರಡು ನಿಮಿಷ ಸಾಕು. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ತೂತು ಬಿಡಿಸಿ, ಮುಂದೆ ಓದುವ ಅಗತ್ಯ ಇರಲಿಕ್ಕಿಲ್ಲ. ಮುಚ್ಚಳ ಸರಿ ಇದ್ದರೆ ಅಮಲ್ ಕಾರ್ಬೊರೇಟರಿನ ಟಿಕ್ಲರ್ ಒತ್ತಿ. ಪೆಟ್ರೋಲ್ ಉಕ್ಕಿ ಬಂದರೆ ಫ್ಲೋಟ್ ಬಟ್ಟಲಿನಲ್ಲಿ ಪೆಟ್ರೋಲ್ ಇದೆ ಅಂತ ಅರ್ಥ. ಎಷ್ಟು ಹೊತ್ತು ಒತ್ತಿದರೂ ಬರದಿದ್ದರೆ ದಾರಿಯಲ್ಲಿ ಎಲ್ಲೋ ತಡೆ ಇದೆ, ಇಲ್ಲವೇ ಬಿಸಿಗೆ ಪೆಟ್ರೋಲ್ ಕುದಿಯುತ್ತಿದೆ. ಜಾಸ್ತಿ ಒತ್ತಬೇಡಿ. ಕಾರ್ಬೊರೇಟರ್ ಇರುವುದು ಮ್ಯಾಗ್‌ಡೈನೊದ ಮೇಲ್ಗಡೆ. ಉಕ್ಕಿದ್ದೆಲ್ಲ ಅದರ ಮೇಲೇ ಹನಿಯುತ್ತದೆ. ಕಿಡಿ ಹುಟ್ಟುವ ಯಂತ್ರದ ಮೇಲೆ ಪೆಟ್ರೋಲ್ ಸುರಿಯುವುದು ಯಾರಿಗೂ ಒಳ್ಳೆಯದಲ್ಲ.

ಈಚಿನ ಪೆಟ್ರೋಲ್ ಬಗ್ಗೆ ಒಂದು ಮಾತು. ಬಂಕಿನಲ್ಲಿ ಈಗ ಸಿಗುವುದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಕಬ್ಬಿನಿಂದ, ಧಾನ್ಯದಿಂದ ಬರುವ ಸ್ಪಿರಿಟ್ಟು. ಮಂಡ್ಯದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೇ ಪೆಟ್ರೋಲ್ ಕಾಕ್‌ನ ಬಿರಡೆ, ರಬ್ಬರ್ ಪೈಪು, ತುಕ್ಕು ನಿಲ್ಲಲಿ ಅಂತ ಟ್ಯಾಂಕಿನ ಒಳಗೆ ಬಳಿಸಿದ ಲೇಪ ಇವಕ್ಕೆಲ್ಲ ಎಥನಾಲ್ ಆಗಿಬರುವುದಿಲ್ಲ. ಲೇಪ ಮೆತ್ತಗಾಗಿ ಎದ್ದು ಬಂದು ಕಾಕ್‌ನ ಜಾಲರಿಗೆ, ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ಟಿಗೆ ಅಂಟುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ನೀರೂ ಸೇರಿಕೊಳ್ಳುತ್ತದೆ. ಆದರೆ ಇವು ಕೊಡುವ ತೊಂದರೆ ತಣ್ಣಗಿದ್ದಾಗಲೂ ಕಾಣುತ್ತದೆ. ಪೈಲಟ್ ಜೆಟ್ ಕಟ್ಟಿದ್ದರೆ ಬೆಳಿಗ್ಗೆಯೇ ಐಡ್ಲಿಂಗ್ ನಿಲ್ಲುವುದಿಲ್ಲ. ಬೆಳಿಗ್ಗೆ ಸರಿ, ಮಧ್ಯಾಹ್ನ ಸತ್ತಿತು, ಟಿಕ್ಲರ್ ಒತ್ತಿದರೆ ಪೆಟ್ರೋಲ್ ಬರುತ್ತಿದೆ ಅಂದರೆ ಕಾರ್ಬೊರೇಟರನ್ನು ಅದರ ಪಾಡಿಗೆ ಬಿಡಿ. ನಮ್ಮಲ್ಲಿ ಜೆಟ್ ಬದಲಿಸುವುದು ಒಂದು ಚಟ. ಇಲ್ಲಿ ಬೇಡ.

ಪ್ಲಗ್, ಮತ್ತು ಕಿಡಿಯ ಬಣ್ಣ

ಬಿಸಿ ಇರುವಾಗಲೇ ಪ್ಲಗ್ ಬಿಚ್ಚಿ. ಒದ್ದೆಯಾಗಿದ್ದರೆ ಪೆಟ್ರೋಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ತಂದಿಟ್ಟ ಇನ್ನೊಂದು ಪ್ಲಗ್ ಹಾಕಿ ನೋಡಿ. ಅದರಲ್ಲಿ ಸ್ಟಾರ್ಟ್ ಆದರೆ ಪುಣ್ಯ. ಆದರೆ ಖುಷಿಪಡುವ ಮೊದಲು ಎರಡರ ಸಂದನ್ನೂ ಅಳೆಯಿರಿ. ಮ್ಯಾಗ್ನೆಟೊ ಗಾಡಿಗೆ ಪ್ಲಗ್ಗಿನ ಸಂದು 15ರಿಂದ 18 ಥೌ (ಇಂಚಿನ ಸಾವಿರದಲ್ಲಿ ಒಂದು ಪಾಲು ಒಂದು ಥೌ), ಅಂದರೆ 0.4 ಮಿ.ಮೀ. ಆಸುಪಾಸು. ಅಂಗಡಿಯಿಂದ ತಂದ ಹೊಸ ಪ್ಲಗ್ಗಿನಲ್ಲಿ ಇದಕ್ಕಿಂತ ಜಾಸ್ತಿಯೇ ಇರುತ್ತದೆ, ಏಕೆಂದರೆ ಅದನ್ನು ಮಾಡಿರುವುದು ಬ್ಯಾಟರಿಯಿಂದ ಕಿಡಿ ಪಡೆಯುವ ಕಾಯಿಲ್ ಗಾಡಿಗಳಿಗೆ. ಅದನ್ನು ಹಾಗೇ ಹಾಕಿದರೆ ಸೊರಗಿದ ಮ್ಯಾಗ್ನೆಟೊ ಬಿಸಿಯಲ್ಲಿ ಕೈಚೆಲ್ಲುತ್ತದೆ.

ಈಗ ಕಿಡಿ ನೋಡೋಣ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಸಿಲಿಂಡರ್ ಹೆಡ್ಡಿಗೆ ಗಟ್ಟಿಯಾಗಿ ತಾಗಿಸಿ ಇಡಿ. ಪ್ಲಗ್ ತೂತಿನಿಂದ ದೂರ ಇರಲಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ಪ್ಲಗ್ ಎಲ್ಲಿಗೂ ತಾಗದ ಹಾಗೆ ವೈರನ್ನು ಗಾಳಿಯಲ್ಲಿ ಬಿಟ್ಟು ಮಾತ್ರ ಕಿಕ್ ಹೊಡೆಯಬೇಡಿ. ಹೊರಗೆ ದಾರಿ ಸಿಗದ ಕರೆಂಟು ಒಳಗಿನ ತಂತಿಯ ಸುರುಳಿಯನ್ನೇ (ವೈಂಡಿಂಗ್) ಸೀಳಿಕೊಂಡು ಹೋಗಬಹುದು. ಆಮೇಲೆ ಹುಡುಕುವುದಕ್ಕೆ ದೋಷ ಒಂದಲ್ಲ, ಎರಡು.

ನೆರಳಲ್ಲಿ ನೋಡಿ. ನೀಲಿ ಬಣ್ಣದ, ಟಕ್ ಟಕ್ ಅಂತ ಸದ್ದು ಕೇಳುವ ಕಿಡಿ ಇದ್ದರೆ ಮ್ಯಾಗ್ನೆಟೊ ಸದ್ಯಕ್ಕೆ ಸರಿ. ಕೆಂಪು-ಕಿತ್ತಳೆ ಬಣ್ಣದ, ನೂಲಿನಷ್ಟು ತೆಳ್ಳಗಿನ ಕಿಡಿ ಬಂದರೆ ಕಳ್ಳನ ಮನೆ ಸಿಕ್ಕಿತು. ಆದರೆ ಒಂದು ಎಚ್ಚರ. ಹೊರಗಿನ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರಿನ ಒಳಗೆ ಒತ್ತಡ ಇರುತ್ತದೆ, ಅಲ್ಲಿ ಅದೇ ಸಂದು ದಾಟುವುದಕ್ಕೆ ಎಷ್ಟೋ ಜಾಸ್ತಿ ವೋಲ್ಟೇಜ್ ಬೇಕು. ಹೊರಗೆ ಕಿಡಿ ಕಾಣಿಸಿತು ಅಂದ ಮಾತ್ರಕ್ಕೆ ಒಳಗೂ ಇದೆ ಅಂತ ನಂಬಬೇಡಿ. ಇಲ್ಲೇ ಬಹಳ ಜನ ದಾರಿ ತಪ್ಪಿ ಕಾರ್ಬೊರೇಟರ್ ಕಡೆ ವಾಪಸ್ ಹೋಗುತ್ತಾರೆ.

ಅದಕ್ಕೇ ಪ್ಲಗ್ಗಿನ ಸಂದನ್ನು 0.3 ಮಿ.ಮೀ.ಗೆ ಇಳಿಸಿ ಮತ್ತೆ ಹಾಕಿ ಕಿಕ್ ಹೊಡೆಯಿರಿ. ಸ್ಟಾರ್ಟ್ ಆದರೆ ಮ್ಯಾಗ್ನೆಟೊದಲ್ಲಿ ಬಲ ಇಲ್ಲ ಅಂತ ಗಟ್ಟಿ ಸಾಕ್ಷಿ. ಮನೆ ತಲುಪುವುದಕ್ಕೂ ಇದು ದಾರಿ. ಇದನ್ನೇ ರಿಪೇರಿ ಅಂದುಕೊಂಡು ವರ್ಷ ಓಡಿಸುವವರನ್ನು ಕಂಡಿದ್ದೇನೆ. ಒಂದು ದಿನ ನಡುದಾರಿಯಲ್ಲಿ ಅದೂ ಸಾಲದೆ ಹೋಗುತ್ತದೆ.

ತಳ್ಳಿ ನೋಡುವ ಪರೀಕ್ಷೆ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಇದು. ಖರ್ಚಿಲ್ಲ, ಏನೂ ಬಿಚ್ಚಬೇಕಾಗಿಲ್ಲ. ಕಿಕ್ಕಿಗೆ ಸ್ಟಾರ್ಟ್ ಆಗದ ಬಿಸಿ ಗಾಡಿಯನ್ನು ಎರಡನೇ ಗೇರಿಗೆ ಹಾಕಿ, ಕ್ಲಚ್ ಹಿಡಿದು, ಜೋರಾಗಿ ತಳ್ಳಿಸಿ ಕ್ಲಚ್ ಬಿಡಿ. ನಂದಿಯಿಂದ ಇಳಿಜಾರಿನಲ್ಲಿ ಆದರೆ ತಳ್ಳುವ ಗೆಳೆಯನಿಗೂ ಸುಖ. ಕಿಕ್ಕಿಗೆ ಬಾರದ ಗಾಡಿ ತಳ್ಳಿದರೆ ತಟ್ಟನೆ ಹತ್ತಿಕೊಂಡಿತೇ? ಹಾಗಾದರೆ ಪೆಟ್ರೋಲ್, ಟೈಮಿಂಗ್ ಎರಡೂ ಸರಿ ಇವೆ. ನಿಧಾನ ತಿರುಗಿದಾಗ ಕಿಡಿ ಸಾಲುತ್ತಿಲ್ಲ, ಅಷ್ಟೆ.

ಕಾರಣ ಸರಳ. ಮ್ಯಾಗ್ನೆಟೊ ತನ್ನ ಕರೆಂಟನ್ನು ತಾನೇ ಹುಟ್ಟಿಸುತ್ತದೆ. ಬೇಗ ತಿರುಗಿದಷ್ಟೂ ಕಿಡಿಗೆ ಜೋರು. ಅದರ ಮೇಲೆ ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಎಂಜಿನ್ನಿನಲ್ಲಿ ಮ್ಯಾಗ್ನೆಟೊ ತಿರುಗುವುದು ಎಂಜಿನ್ನಿನ ಅರ್ಧ ವೇಗದಲ್ಲಿ. ನಮ್ಮ ಕಾಲಿನ ಬಲದಲ್ಲಿ ಅದು ತೆವಳುತ್ತಿರುತ್ತದೆ. ಕಾಯಿಲ್ ಗಾಡಿಯಲ್ಲಿ ಬ್ಯಾಟರಿ ಸರಿ ಇದ್ದರೆ ಎಷ್ಟೇ ನಿಧಾನ ತಿರುಗಿದರೂ ಒಳ್ಳೆಯ ಕಿಡಿ ಬರುತ್ತದೆ. ಇಲ್ಲಿ ಹಾಗಲ್ಲ.

ಕಿಡಿ ಹಾರುವ ಹೊತ್ತನ್ನು ಹಿಂದೆ ಮುಂದೆ ಮಾಡುವ ಅಡ್ವಾನ್ಸ್-ರಿಟಾರ್ಡ್ ಲಿವರ್ ಇರುವ ಗಾಡಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಿಕ್ ತಿರುಗಿ ಕಾಲಿಗೆ ಹೊಡೆಯುತ್ತದೆ ಅಂತ ಹೆದರಿ ಕೆಲವರು ಲಿವರನ್ನು ಪೂರ್ತಿ ರಿಟಾರ್ಡ್‌ಗೆ ಎಳೆಯುತ್ತಾರೆ. ಮ್ಯಾಗ್ನೆಟೊದ ಕಿಡಿ ಅತಿ ಬಲವಾಗಿರುವುದು ಅಡ್ವಾನ್ಸ್ ಕಡೆ. ಪೂರ್ತಿ ರಿಟಾರ್ಡ್ ಆದರೆ ಸೊರಗುತ್ತದೆ. ಅರ್ಧಕ್ಕೆ ಬಿಟ್ಟು ಹೊಡೆದು ನೋಡಿ. ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ಮಣ್ಣಿನ ಟ್ರ್ಯಾಕಿನ ಗಾಡಿಗಳಿಗೆ ಈ ಕಾಟ ಯಾಕಿಲ್ಲ

ನನಗೆ ಈ ಗಾಡಿಗಳ ಹುಚ್ಚು ಹತ್ತಿದ್ದೇ ಫ್ಲ್ಯಾಟ್ ಟ್ರ್ಯಾಕ್ ರೇಸಿನ ಹಳೇ ಫೋಟೊ ನೋಡಿ. ಅಮೆರಿಕದ ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕು. ತಿರುವೆಲ್ಲ ಎಡಕ್ಕೇ. ಎಡಗಾಲಿನ ಬೂಟಿಗೆ ಉಕ್ಕಿನ ಅಟ್ಟೆ ಕಟ್ಟಿ, ಕಾಲು ನೆಲಕ್ಕೆ ಊರಿ, ಹಿಂದಿನ ಚಕ್ರವನ್ನು ಅಡ್ಡಡ್ಡ ಜಾರಿಸುತ್ತಾ ತಿರುವು ದಾಟುತ್ತಾರೆ. ಆ ಕಾಲದ ಗಾಡಿಗಳಿಗೆ ಬ್ರೇಕೇ ಇರುತ್ತಿರಲಿಲ್ಲ. ಇವತ್ತಿಗೂ ಮುಂದಿನ ಚಕ್ರಕ್ಕೆ ಇಲ್ಲ. ಅಂಥ ಕಡೆ ಹಾರ್ಲಿ ಗಾಡಿಗಳ ಎದುರು ಸೆಣಸಿದ್ದು ಬ್ರಿಟನ್ನಿನ ಬಿಎಸ್‌ಎ, ಟ್ರಯಂಫ್, ಮ್ಯಾಚ್‌ಲೆಸ್. 1969ರ ತನಕ ಅಲ್ಲಿನ ನಿಯಮವೇ ವಿಚಿತ್ರ. ಸೈಡ್ ವಾಲ್ವ್ ಎಂಜಿನ್ ಆದರೆ 750 ಸಿಸಿ, ಓವರ್‌ಹೆಡ್ ವಾಲ್ವ್ ಆದರೆ 500 ಮಾತ್ರ. ಆ ನಿಯಮದ ಅಡಿಯಲ್ಲೇ ಟ್ರಯಂಫ್ ಏರಿದ ಗ್ಯಾರಿ ನಿಕ್ಸನ್ 1967, 1968 ಎರಡೂ ವರ್ಷ ಗ್ರ್ಯಾಂಡ್ ನ್ಯಾಷನಲ್ ಚಾಂಪಿಯನ್ ಆದರು. 1963ರ ಚಾಂಪಿಯನ್ ಡಿಕ್ ಮನ್ ಗೋಲ್ಡ್ ಸ್ಟಾರ್ ಓಡಿಸಿ ಹೆಸರಾದವರು. 1971ರಲ್ಲಿ ಮತ್ತೊಮ್ಮೆ ಬಿಎಸ್‌ಎ ಮೇಲೇ ಗೆದ್ದರು.

ಗೋಲ್ಡ್ ಸ್ಟಾರ್ ನಮ್ಮ ಬಿ31ರ ಹತ್ತಿರದ ಸಂಬಂಧಿಯೇ. 1937ರಲ್ಲಿ ವಾಲ್ ಹ್ಯಾಂಡ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಬಿಎಸ್‌ಎಯನ್ನು ಗಂಟೆಗೆ ನೂರು ಮೈಲಿ ಮೀರಿ ಓಡಿಸಿ ಚಿನ್ನದ ನಕ್ಷತ್ರದ ಪದಕ ಪಡೆದರು. ಮಾರನೇ ವರ್ಷ ಬಂದ ಮಾಡೆಲ್ಲಿಗೆ ಆ ಹೆಸರೇ ನಿಂತಿತು.

ಈ ರೇಸ್ ಗಾಡಿಗಳಲ್ಲೂ ಹೆಚ್ಚಾಗಿ ಇದ್ದದ್ದು ಮ್ಯಾಗ್ನೆಟೊವೇ. ಬ್ಯಾಟರಿ ಹೊರಬೇಕಾಗಿಲ್ಲ, ಮಣ್ಣಿನ ಕುಲುಕಾಟಕ್ಕೆ ತಂತಿ ಕಳಚುವ ಭಯ ಕಮ್ಮಿ. ತಳ್ಳಿ ಸ್ಟಾರ್ಟ್ ಮಾಡುವುದು ಅಲ್ಲಿ ಮಾಮೂಲು. ಸ್ಟಾರ್ಟ್ ಆದ ಮೇಲೆ ಥ್ರಾಟಲ್ ತೆರೆದೇ ಇರುತ್ತದೆ. ಮ್ಯಾಗ್ನೆಟೊಗೆ ಅದಕ್ಕಿಂತ ಸುಖ ಇಲ್ಲ. ನಮ್ಮ ಹಾಗೆ ದೇವರಾಜ ಮಾರ್ಕೆಟ್ ಮುಂದೆ ಆಟೋಗಳ ನಡುವೆ ಐಡ್ಲಿಂಗ್‌ನಲ್ಲಿ ಬೇಯಬೇಕಾಗಿಲ್ಲ, ಬಿಸಿ ಆರುವ ಮೊದಲೇ ಕಿಕ್ ಹೊಡೆಸಿಕೊಳ್ಳಬೇಕಾಗಿಲ್ಲ. ಅರ್ಧ ಸತ್ತ ಮ್ಯಾಗ್ನೆಟೊ ಅಲ್ಲಿ ರೇಸ್ ಮುಗಿಸಿಯೂ ಬರಬಹುದು.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಫೋಟೊ ನೋಡಿ ತಮ್ಮ ಬಿ31ನ್ನು ಫ್ಲ್ಯಾಟ್ ಟ್ರ್ಯಾಕ್ ಅಂದಕ್ಕೆ ತಿರುಗಿಸುವ ಹುಡುಗರು ಈಗ ಇಲ್ಲೂ ಇದ್ದಾರೆ. ಅಗಲ ಹ್ಯಾಂಡಲ್, ಎರಡೂ ಕಡೆ 19 ಇಂಚಿನ ಚಕ್ರ, ನಂಬರ್ ಪ್ಲೇಟಿನ ಜಾಗಕ್ಕೆ ಬಿಳಿ ತಟ್ಟೆ. ನೋಡಲು ಬಹಳ ಚೆಂದ, ನಾನು ಬೇಡ ಅನ್ನುವುದಿಲ್ಲ. ಆದರೆ ಏರ್ ಫಿಲ್ಟರ್ ಕಿತ್ತು, ಹೈ ಕಂಪ್ರೆಷನ್ ಪಿಸ್ಟನ್ ಹಾಕಿ, ಮ್ಯಾಗ್ನೆಟೊ ಮಾತ್ರ ಅಜ್ಜನ ಕಾಲದ್ದೇ ಉಳಿಸಿಕೊಳ್ಳುತ್ತಾರೆ. ಬಿ31ರ ಮೂಲ ಕಂಪ್ರೆಷನ್ 6.5ಕ್ಕೆ 1. ಅದು ಏರಿದಷ್ಟೂ ಕಿಡಿ ಹಾರಲು ವೋಲ್ಟೇಜ್ ಜಾಸ್ತಿ ಬೇಕು. ಪೆಟ್ರೋಲ್ ಕಮ್ಮಿಯಾಗಿ ಗಾಳಿ ಜಾಸ್ತಿಯಾದರೂ ಹಾಗೇ. ನಿನ್ನೆ ತನಕ ಹೇಗೋ ಏಗುತ್ತಿದ್ದ ಮ್ಯಾಗ್ನೆಟೊ ಹೊಸ ಪಿಸ್ಟನ್ ಹಾಕಿದ ವಾರಕ್ಕೆ ಕೈಕೊಡುತ್ತದೆ, ಬೈಗುಳ ಮಾತ್ರ ಪಿಸ್ಟನ್ನಿಗೆ.

ಒಳಗೆ ಕೈ ಹಾಕುವ ಮೊದಲು

ಮನೆಗೆ ಬಂದ ಮೇಲೆ ಸುಲಭದ್ದನ್ನೆಲ್ಲ ಮುಗಿಸಿ. ಕಿಲ್ ಬಟನ್ ಇದ್ದರೆ ಅದರ ವೈರನ್ನು ಮ್ಯಾಗ್ನೆಟೊ ಕೊನೆಯಲ್ಲಿ ಕಳಚಿ ಓಡಿಸಿ ನೋಡಿ. ಹ್ಯಾಂಡಲ್ ಒಳಗೆ ಸವೆದ ವೈರು ಬಾಡಿಗೆ ತಾಗುತ್ತಿರಬಹುದು. ಪ್ಲಗ್ ವೈರು ತಾಮ್ರದ ಎಳೆಯದೇ ಇರಲಿ. ಈಗಿನ ಗಾಡಿಗಳ ಕಾರ್ಬನ್ ವೈರು ಬೇಡ.

ಆಮೇಲೆ ಪಿಕಪ್, ಅಂದರೆ ಪ್ಲಗ್ ವೈರು ಮ್ಯಾಗ್ನೆಟೊಗೆ ಸೇರುವ ತುಂಡು, ಬಿಚ್ಚಿ. ಅದರ ತುದಿಯಲ್ಲಿ ಸ್ಪ್ರಿಂಗ್ ಮೇಲೆ ಕೂತ ಕಾರ್ಬನ್ ಬ್ರಷ್ ಇರುತ್ತದೆ. ಅದು ಸಲೀಸಾಗಿ ಒಳಗೆ ಹೊರಗೆ ಆಡಬೇಕು. ಒಳಗೆ ಕಾಣುವ ಹಿತ್ತಾಳೆ ಬಳೆಯೇ ಸ್ಲಿಪ್ ರಿಂಗ್. ಪೆನ್ಸಿಲ್ ತುದಿಗೆ ತೆಳು ಬಟ್ಟೆ ಸುತ್ತಿ, ಪೆಟ್ರೋಲಿನಲ್ಲಿ ಅದ್ದಿ ಹಿಂಡಿ, ಅದನ್ನು ಬಳೆಗೆ ಒತ್ತಿ ಹಿಡಿದು ಎಂಜಿನ್ ಮೆಲ್ಲಗೆ ತಿರುಗಿಸಿ. ಕಪ್ಪು ಮಸಿ ಬಂದಷ್ಟೂ ಒಳ್ಳೆಯದು. ಎಣ್ಣೆ, ಕಾರ್ಬನ್ ಪುಡಿ ಸೇರಿ ಅಲ್ಲಿ ಕರೆಂಟು ಸೋರಲು ದಾರಿಯಾಗುತ್ತದೆ. ಬಳೆಯ ಪಕ್ಕದ ಕಪ್ಪು ಗೋಡೆಯಲ್ಲಿ ಕೂದಲೆಳೆ ಬಿರುಕು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ಬಿಸಿಗೆ ಬಿರುಕು ಬಿಚ್ಚಿಕೊಳ್ಳುತ್ತದೆ. ಬಾಡಿಯಲ್ಲಿ ಒಂದು ಅರ್ತ್ ಬ್ರಷ್ಷೂ ಇದೆ. ಅದು ಸವೆದು ಹೋಗಿದ್ದರೆ ಕರೆಂಟು ಬೇರಿಂಗ್ ಮೂಲಕ ವಾಪಸ್ ಬರುತ್ತದೆ, ಬೇರಿಂಗೂ ಹಾಳು, ಕಿಡಿಯೂ ಹಾಳು.

ಪಾಯಿಂಟ್ ಅಂದರೆ ಕರೆಂಟು ಕಡಿದು ಕಿಡಿ ಹುಟ್ಟಿಸುವ ಜೋಡಿ ಮುಖ. ಅದರ ಸಂದು 12 ಥೌ, ಅಂದರೆ 0.3 ಮಿ.ಮೀ. ಮುಖ ಕಪ್ಪಾಗಿದ್ದರೆ ನುಣುಪು ಎಮರಿ ಪೇಪರಿನಿಂದ ಉಜ್ಜಿ, ಆಮೇಲೆ ಬಟ್ಟೆಯಿಂದ ಒರೆಸಿ. ಉಜ್ಜಿದ ವಾರಕ್ಕೇ ಮತ್ತೆ ಕಪ್ಪಾದರೆ ಮುಂದಿನ ಭಾಗ ನಿಮಗೇ.

ವಾಲ್ವ್ ಕಡೆಗೂ ಒಂದು ಕಣ್ಣಿರಲಿ. ವಾಲ್ವ್ ತಳ್ಳುವ ಟ್ಯಾಪೆಟ್ ಬಿಗಿ ಇದ್ದರೆ ಬಿಸಿಯಲ್ಲಿ ವಾಲ್ವ್ ಪೂರ್ತಿ ಕೂರದೆ ಕಂಪ್ರೆಷನ್ ಹೋಗುತ್ತದೆ. ಆಗಲೂ ಬಿಸಿ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಆದರೆ ಅದನ್ನು ಕಾಲೇ ಹೇಳುತ್ತದೆ. ಕಿಕ್ ಮೆತ್ತಗೆ, ತಡೆಯೇ ಇಲ್ಲದೆ ಕೆಳಗಿಳಿಯುತ್ತದೆ. ಕಿಕ್ ಮೊದಲಿನಷ್ಟೇ ಗಟ್ಟಿ ಇದ್ದರೆ ಈ ಅನುಮಾನ ಬಿಡಿ.

ಕತ್ತಲೆಯಲ್ಲಿ ಪಾಯಿಂಟ್ ನೋಡುವುದು

ಸಂಜೆ ಕತ್ತಲಾದ ಮೇಲೆ, ಎಂಜಿನ್ ಚೆನ್ನಾಗಿ ಬಿಸಿಯಾಗಿರುವಾಗ, ಪಾಯಿಂಟ್ ಮುಚ್ಚಳ ತೆಗೆದು ಶೆಡ್ಡಿನ ಲೈಟ್ ಆರಿಸಿ. ಒಬ್ಬರು ಕಿಕ್ ಹೊಡೆಯಲಿ, ನೀವು ಬಗ್ಗಿ ನೋಡಿ. ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಸರಿ ಇದ್ದರೆ ಪಾಯಿಂಟ್ ಬಿಡುವ ಕ್ಷಣ ಸೂಜಿಮೊನೆಯಷ್ಟು ಮಿಣುಕು, ಅಷ್ಟೇ. ಮಂಡ್ಯದ ಗೆಳೆಯರೊಬ್ಬರ ಗಾಡಿಯಲ್ಲಿ ನಾವು ಕಂಡಿದ್ದು ಬೇರೆ. ಪ್ರತಿ ಕಿಕ್ಕಿಗೂ ಪಾಯಿಂಟ್ ನಡುವೆ ನೀಲಿ-ಬಿಳಿ ಬೆಳಕು ಚಿಟ್ ಅಂತ ಹಾರಿ ಅವರ ಬೆರಳೆಲ್ಲ ಬೆಳಗುತ್ತಿತ್ತು. ಓಜೋನಿನ ಚುರುಕು ವಾಸನೆ ಮೂಗಿಗೆ ಬಡಿಯಿತು. ಆ ಹೊತ್ತಿಗೆ ಪ್ಲಗ್ಗಿನಲ್ಲಿ ಕಿಡಿಯೇ ಇಲ್ಲ. ಪ್ಲಗ್ಗಿಗೆ ಹೋಗಬೇಕಾದ ಬಲವೆಲ್ಲ ಪಾಯಿಂಟಿನಲ್ಲೇ ಸುಟ್ಟು ಹೋಗುತ್ತಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ನೋಡಿದರೆ ಅದೇ ಪಾಯಿಂಟಿನಲ್ಲಿ ಬೆಳಕು ಕಂಡೂ ಕಾಣದಷ್ಟು.

ಅದು ಕಂಡೆನ್ಸರ್. ಹಳೇ ಕಂಡೆನ್ಸರ್ ಅಂದರೆ ಲೋಹದ ಹಾಳೆ, ಮೇಣ ಹಚ್ಚಿದ ಕಾಗದ ಸುತ್ತಿ ಮಾಡಿದ್ದು. ಎಪ್ಪತ್ತು ವರ್ಷದ ಕಾಗದ ತೇವ ಎಳೆದುಕೊಂಡಿರುತ್ತದೆ. ಬಿಸಿ ಏರಿದ ಹಾಗೆ ಒಳಗೊಳಗೇ ಕರೆಂಟು ಸೋರಲು ಶುರುವಾಗುತ್ತದೆ, ತಣ್ಣಗಾದರೆ ಸೋರುವುದು ಕಮ್ಮಿ. ಮಂಡ್ಯದ ಕಾಫಿ, ಮುಕ್ಕಾಲು ಗಂಟೆಯ ನೆರಳು ಎಲ್ಲಕ್ಕೂ ವಿವರಣೆ ಇಲ್ಲಿದೆ.

ನಮ್ಮ ಊರಿನ ಮೆಕ್ಯಾನಿಕ್‌ಗಳು ಇಲ್ಲಿ ಎಡವುವುದು ಸಹಜ. ಮೈಸೂರು ಅಂದರೆ ಜಾವಾ. 1961ರಿಂದ 1996ರ ತನಕ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಿಂದ ಬಂದ ಜಾವಾ, ಯೆಜ್ಡಿಗಳ ಮೇಲೇ ಇಲ್ಲಿನವರ ಕೈ ಪಳಗಿದ್ದು. ಅದರಲ್ಲಿ ಕಂಡೆನ್ಸರ್ ಕಣ್ಣಿಗೆ ಕಾಣುತ್ತದೆ. ಒಂದು ಸ್ಕ್ರೂ, ಒಂದು ವೈರು, ಹತ್ತು ನಿಮಿಷದ ಕೆಲಸ. ಹಾಗಾಗಿ 'ಕಂಡೆನ್ಸರ್ ಹೋಗಿದೆ, ಬದಲಾಯಿಸಿದ್ರೆ ಆಯ್ತು' ಅನ್ನುತ್ತಾರೆ. ಮಾತು ಸರಿ. ಆದರೆ ಲ್ಯೂಕಸ್ ಮ್ಯಾಗ್ನೆಟೊದಲ್ಲಿ ಕಂಡೆನ್ಸರ್ ಇರುವುದು ತಂತಿ ಸುತ್ತಿದ, ತಿರುಗುವ ಆರ್ಮೇಚರ್ ಒಳಗೆ! ಅದನ್ನು ತೆಗೆಯಬೇಕಾದರೆ ಮ್ಯಾಗ್ನೆಟೊ ಇಳಿಸಿ, ಆರ್ಮೇಚರ್ ಹೊರಗೆಳೆದು, ಬಿಚ್ಚಬೇಕು. ಮೀಟರ್ ಹಿಡಿದು ಹೊರಗಿನಿಂದ ಅಳೆಯುವುದಕ್ಕೂ ಆಗುವುದಿಲ್ಲ. ಪಾಯಿಂಟಿಗೆ ಅಡ್ಡಲಾಗಿ ಕಂಡೆನ್ಸರಿನ ಜೊತೆ ಪ್ರೈಮರಿ ವೈಂಡಿಂಗೂ ಇದೆ. ಮೀಟರಿಗೆ ಕಾಣುವುದು ಒಂದು ಓಮ್‌ಗಿಂತ ಕಮ್ಮಿ ಇರುವ ಆ ವೈಂಡಿಂಗ್ ಮಾತ್ರ.

ಅರಗು ಕರಗಿದ ಆರ್ಮೇಚರ್

ಆರ್ಮೇಚರ್ ಎಳೆಯುವ ಮುಂಚೆ ಪಿಕಪ್, ಅರ್ತ್ ಬ್ರಷ್, ಬಾಡಿಯಲ್ಲಿರುವ ಸೇಫ್ಟಿ ಗ್ಯಾಪ್ ಸ್ಕ್ರೂ ಮೂರೂ ತೆಗೆದಿರಬೇಕು. ಒಂದು ಮರೆತರೂ ಸ್ಲಿಪ್ ರಿಂಗ್ ಚೂರಾಗುತ್ತದೆ. ಆರ್ಮೇಚರ್ ಹೊರಗೆ ಬಂದ ಕೂಡಲೇ ಅದರ ಜಾಗಕ್ಕೆ ಕಬ್ಬಿಣದ ತುಂಡೊಂದನ್ನು ಅಡ್ಡ ಇಡಿ, ಆಯಸ್ಕಾಂತದ ಬಲ ಇಳಿಯದಿರಲಿ.

ಈಗ ಆರ್ಮೇಚರಿನ ಮೈ ನೋಡಿ. ಒಣಗಿ ಗಟ್ಟಿಯಾಗಿದ್ದರೆ ವೈಂಡಿಂಗ್ ಉಳಿದಿರುವ ಸಾಧ್ಯತೆ ಇದೆ. ಕಂದು-ಕಪ್ಪು ಜಿಗುಟು ಒಸರಿ, ಬೆರಳಿಗೆ ಬೆಲ್ಲದ ಪಾಕದ ಹಾಗೆ ಅಂಟಿಕೊಂಡರೆ ವೈಂಡಿಂಗಿನ ಕಾಲ ಮುಗಿದಿದೆ. ಒಸರಿದ್ದು ಅರಗು. ಆ ಕಾಲದಲ್ಲಿ ತಂತಿಯ ಸುರುಳಿಗೆ ಇನ್ಸುಲೇಷನ್ ಅಂತ ಅರಗಿನ ವಾರ್ನಿಷ್ ಹಚ್ಚುತ್ತಿದ್ದರು. ಅರಗು 75 ಡಿಗ್ರಿ ಆಸುಪಾಸಿಗೆ ಕರಗುತ್ತದೆ. ಕರಗಿ ಹೊರಬಂದು ಆರ್ಮೇಚರನ್ನು ಬಾಡಿಗೇ ಅಂಟಿಸಿ, ಮ್ಯಾಗ್ನೆಟೊ ತಿರುಗದಂತೆ ಮಾಡುವುದೂ ಉಂಟು. ಅರಗಿನ ಮಾತು ಬಂದಾಗ ನಮ್ಮ ಊರಿನ ಇನ್ನೊಂದು ಫ್ಯಾಕ್ಟರಿ ನೆನಪಾಗುತ್ತದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಮಾಡುವ ಮೈಸೂರು ಪೇಂಟ್ಸ್ ಹುಟ್ಟಿದ್ದು 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ.

ಮೀಟರಿನಲ್ಲಿ ಸ್ಲಿಪ್ ರಿಂಗಿನಿಂದ ಬಾಡಿಗೆ ಹಲವು ಸಾವಿರ ಓಮ್ ತೋರಿಸಬೇಕು. ಹೇರ್ ಡ್ರೈಯರ್ ಹಿಡಿದು ಆರ್ಮೇಚರ್ ಕಾಯಿಸುತ್ತಾ ನೋಡಿ. ಬಿಸಿಯಾದಾಗ ರೀಡಿಂಗ್ ಕುಣಿದರೆ, ಇಲ್ಲವೇ ಪೂರ್ತಿ ಮಾಯವಾದರೆ ಒಳಗೆ ತಂತಿ ತುಂಡಾಗಿದೆ, ಕಾವಿಗೆ ಹಿಗ್ಗಿ ಸಂದು ಬಿಡುತ್ತಿದೆ. ರೀಡಿಂಗ್ ಸರಿ ಬಂತು ಅಂದರೂ ವೈಂಡಿಂಗ್ ಪಾಸ್ ಆದ ಹಾಗಲ್ಲ. ಪಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ತಾಗಿದ್ದರೆ ಮೀಟರಿಗೆ ತಿಳಿಯುವುದಿಲ್ಲ.

ರೀವೈಂಡಿಂಗ್‌ಗೆ ಕೊಡುವಾಗ

ಮೋಟರ್, ಪಂಪ್‌ಸೆಟ್ ಸುತ್ತುವ ಅಂಗಡಿ ಪ್ರತಿ ಊರಲ್ಲೂ ಇದೆ. ಕೈ ಒಳ್ಳೆಯದಿದ್ದರೂ ಇದು ಅವರ ಕೆಲಸವಲ್ಲ. ಕೂದಲಿಗಿಂತ ತೆಳ್ಳಗಿನ ತಂತಿ ಸಾವಿರಾರು ಸುತ್ತು ಬರಬೇಕು, ಪದರ ಪದರಕ್ಕೂ ಇನ್ಸುಲೇಷನ್ ಬೇಕು. ಮ್ಯಾಗ್ನೆಟೊ ಸುತ್ತಿ ಅಭ್ಯಾಸ ಇರುವವರನ್ನೇ ಹುಡುಕಿ. ಕೊಡುವಾಗ ನಾಲ್ಕು ಮಾತು ಹೇಳಿ. ಅರಗು ಬೇಡ, ಎಪಾಕ್ಸಿ ಹಾಕಿ. ಕಂಡೆನ್ಸರ್ ಹಳೆಯದನ್ನೇ ವಾಪಸ್ ಕೂರಿಸಬೇಡಿ, 0.2 ಮೈಕ್ರೋಫ್ಯಾರಡ್ ಆಸುಪಾಸಿನ, ಬಿಸಿ ತಡೆಯುವ ಹೊಸದು ಹಾಕಿ. ಬಾಡಿಗೆ ಮತ್ತೆ ಆಯಸ್ಕಾಂತ ಹಿಡಿಸಿ. ಕೊನೆಯದಾಗಿ, ಬಿಸಿ ಮಾಡಿ, ನಿಧಾನ ತಿರುಗಿಸಿ, 5 ಮಿ.ಮೀ. ಸಂದಿನಲ್ಲಿ ಕಿಡಿ ಬಿಡದೆ ಹಾರುವುದನ್ನು ನನ್ನ ಕಣ್ಣೆದುರು ತೋರಿಸಿ. ತಣ್ಣಗೆ, ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ ಜೋರಾಗಿ ತಿರುಗಿಸಿ ತೋರಿಸಿದರೆ ದುಡ್ಡು ಕೊಡಬೇಡಿ. ಹಾಗೆ ತಿರುಗಿಸಿದರೆ ಕೆಟ್ಟ ಮ್ಯಾಗ್ನೆಟೊದಲ್ಲೂ ಕಿಡಿ ಬರುತ್ತದೆ.

ವೈಂಡಿಂಗ್ ಗಟ್ಟಿಯಾಗಿದ್ದು ಕಂಡೆನ್ಸರ್ ಮಾತ್ರ ಹೋಗಿದ್ದರೆ, ಪಾಯಿಂಟ್ ಜೋಡಣೆಯ ಮೇಲೇ ಕೂರುವ ಸಣ್ಣ ಹೊಸ ಕಂಡೆನ್ಸರುಗಳೂ ಈಗ ಸಿಗುತ್ತವೆ. ಹಾಕುವ ಮೊದಲು ಹಳೆಯದರ ಸಂಪರ್ಕ ಕಡಿಯಲೇಬೇಕು. ಸೋರುವುದು ಒಳಗೇ ಉಳಿದರೆ ಹೊಸದು ಹಾಕಿ ಉಪಯೋಗವಿಲ್ಲ.

ವಾಪಸ್ ಕೂರಿಸುವಾಗ ಟೈಮಿಂಗ್ ಹೊಸದಾಗಿ ಹಿಡಿಯಬೇಕು. ಬಿ31ಕ್ಕೆ ಪೂರ್ತಿ ಅಡ್ವಾನ್ಸಿನಲ್ಲಿ, ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ಮೇಲ್ತುದಿ ಮುಟ್ಟಲು 7/16 ಇಂಚು ಬಾಕಿ ಇರುವಾಗ ಪಾಯಿಂಟ್ ಬಿಡಬೇಕು. ಪಾಯಿಂಟ್ ನಡುವೆ ಬೀಡಿ ಕಟ್ಟಿನ ತೆಳು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರಿ. ಕಾಗದ ಸಡಿಲವಾಗುವ ಕ್ಷಣವೇ ಗುರುತು. ಮ್ಯಾಗ್ನೆಟೊ ತಿರುಗಿಸುವ ಪಿನಿಯನ್ (ಹಲ್ಲಿನ ಚಕ್ರ) ಕೂರುವ ಟೇಪರ್ ಮೇಲೆ ಎಣ್ಣೆಯ ಪಸೆ ಉಳಿದಿದ್ದರೆ ನಟ್ ಬಿಗಿ ಮಾಡುವಾಗ ಅದು ಜಾರುತ್ತದೆ. ಎರಡೂ ಮುಖ ಒಣಗಿಸಿ ಒರೆಸಿ, ಬಿಗಿ ಮಾಡಿದ ಮೇಲೆ ಕಾಗದದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.